ಆರೋಗ್ಯದ ಕಾರಣದಿಂದ

ಮುಕ್ತಾ ಶವವಾಹನದ ಹಿಂದಿನ ಮೆಟ್ಟಿಲಿಗೆ ಕಾಲಿಟ್ಟಾಗ ಮೈದುನ ವಿಷ್ಣುಮೂರ್ತಿ ಬಾಗಿಲಿಗೆ ಕೈ ಅಡ್ಡ ಹಿಡಿದ.

“ಅತ್ತಿಗೆ, ಎಂತ ಮಾಡ್ತಿದ್ದೀರಿ? ಹೆಂಗಸರು ಸ್ಮಶಾನಕ್ಕೆ ಬರೂದು ನಮ್ಮಲ್ಲಿ ಉಂಟಾ?”

“ಇಲ್ಲ. ಗೊತ್ತುಂಟು. ಕೈ ತೆಗಿ.”

ವಿಷ್ಣುಮೂರ್ತಿ ವಾಶಿಯಲ್ಲಿ ಹೋಟೆಲು ನಡೆಸುವವನು. ಗಿರಾಕಿಗಳ ಸಿಟ್ಟನ್ನು ನಗುನಗುತ್ತಲೇ ಇಳಿಸಬಲ್ಲ. ಅತ್ತಿಗೆಯ ಮುಖ ನೋಡಿದವನು ನೆರವಿಗಾಗಿ ಸುತ್ತ ಕಣ್ಣಾಡಿಸಿದ. ಮುಂಬಯಿ ಪಕ್ಕದ ಡೊಂಬಿವಲಿಯ ಆ ಹಳೇ ಕಟ್ಟಡದ ಅಂಗಳದಲ್ಲಿ ನೆರೆಯವರು, ಪೇಂಟ್ ಕಂಪನಿಯ ಗುಮಾಸ್ತರು, ಐದಾರು ಮಂದಿ ಫುಟ್‌ಬಾಲ್ ರೆಫರಿಗಳು ನಿಂತಿದ್ದರು. ವಾಹನದೊಳಗೆ ಅವಳ ಗಂಡ, ಅದೇ ಕಂಪನಿಯ ಗುಮಾಸ್ತ ಹಯಗ್ರೀವ ಮಲಗಿದ್ದ. ನಲವತ್ತೇಳು ವರ್ಷ. ನಿನ್ನೆ ಭಾನುವಾರ ಶಹಾಡಿನಲ್ಲಿ ಕಾರ್ಖಾನೆ ತಂಡಗಳ ಪಂದ್ಯಕ್ಕೆ ಲೈನ್ಸ್‌ಮನ್ ಆಗಿ, ಗೆರೆಯ ಪಕ್ಕ ಬಾವುಟ ಹಿಡಿಯಲು ಹೋಗಿದ್ದ. ಹಾಫ್ ಟೈಮಿನಲ್ಲಿ ನೀರು ಕುಡಿಯಲು ಕೂತವನು ಮತ್ತೆ ಏಳಲಿಲ್ಲ.

“ಕಾಕಾ, ಮಮ್ಮಿ ಜಾಯೇಗಿ. ಮೈ ಭೀ,” ಎಂದಳು ಮಗಳು ಅನಘ, ಅಮ್ಮನೊಂದಿಗೆ ತಾನೂ ಹೊರಟು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ಮಾತ್ರ ಹಿಂದಿ.

“ಬರ್ಲಿ ಬಿಡ್ರಿ ಅಣ್ಣಾರ,” ಎಂದ ವಿಠಲ. “ವೈನಿ ಬರೋದು ಬ್ಯಾಡ ಅನ್ನಾಕ ನಾವ್ಯಾರು?”

ವಿಠಲ ವಿಜಯಪುರದವನು, ಶಹಾಡಿನ ಕಾರ್ಖಾನೆಯಲ್ಲಿ ಫಿಟ್ಟರ್. ಹದಿನೈದು ವರ್ಷಗಳಿಂದ ಹಯಗ್ರೀವನ ಜೋಡಿ; ಮುಕ್ತಾ ಅವನಿಗೆ ವೈನಿ, ಅತ್ತಿಗೆ. ಮೈದಾನದ ಈ ಬದಿಗೆ ಒಬ್ಬ ಬಾವುಟ ಹಿಡಿದರೆ ಆ ಬದಿಗೆ ಇನ್ನೊಬ್ಬ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಿಂದ ಶವವನ್ನು ತಲೆಯ ಕಡೆ ಹೊತ್ತು ಇಳಿಸಿದವನೂ ಅವನೇ.

ಅರ್ಧ ಗಂಟೆಯ ಹಿಂದೆ ಮುಕ್ತಾಳಿಗೆ ಸ್ಮಶಾನಕ್ಕೆ ಹೋಗುವ ಯೋಚನೆ ಇರಲಿಲ್ಲ. ಆಗ ಸರ್ವೋತ್ತಮ ಬಂದ. ರೆಫರಿಗಳ ಸಂಘದ ಕಾರ್ಯದರ್ಶಿ. ಅವನ ಹಿಂದೆ ಒಬ್ಬ ಹುಡುಗ ದೊಡ್ಡ ಪುಷ್ಪಚಕ್ರ ಹೊತ್ತಿದ್ದ.

“ಧೈರ್ಯ ತಂದುಕೊಳ್ಳಿ ಮುಕ್ತಕ್ಕ. ಸ್ಮಶಾನದಲ್ಲಿ ಸಂಘದ ಪರವಾಗಿ ನಾಲ್ಕು ಮಾತು ಓದ್ತೇನೆ. ಪೇಪರಿನವರೂ ಒಬ್ಬರು ಬರ್ತಾರೆ.”

“ಎಂತ ಬರ್ದಿದ್ದೀರಿ? ಕೊಡಿ ಇಲ್ಲಿ.”

ಅವನು ಜೇಬಿನಿಂದ ಕಾಗದ ತೆಗೆದುಕೊಟ್ಟ. ಶಿಸ್ತು, ಸರಳತೆ, ಸಮಯಪಾಲನೆ ಎಲ್ಲ ಇತ್ತು. ನಾಲ್ಕನೆಯ ಸಾಲು ಹೀಗಿತ್ತು: ‘ಆರೋಗ್ಯದ ಕಾರಣದಿಂದ ಅವರು ಕಳೆದ ಮೂರು ವರ್ಷ ರಾಷ್ಟ್ರೀಯ ಪಂದ್ಯಗಳಿಂದ ದೂರ ಉಳಿದಿದ್ದರು.’

ಮುಕ್ತಾ ಅದನ್ನು ಎರಡು ಸಲ ಓದಿದಳು.

“ಆರೋಗ್ಯದ ಕಾರಣವಾ?”

“ಹಾಗೆ ಬರೆದ್ರೆ ಒಂದು ಮರ್ಯಾದೆ ಇರ್ತದೆ ಅಂತ...”

“ಯಾರಿಗೆ?”

ಸರ್ವೋತ್ತಮ ಪುಷ್ಪಚಕ್ರದತ್ತ ತಿರುಗಿದ. ಅವಳು ಕಾಗದ ಹಿಂದಿರುಗಿಸಿ ಚಪ್ಪಲಿ ಹುಡುಕತೊಡಗಿದಳು.

*

ಮೂರು ವರ್ಷದ ಹಿಂದೆ ರಾಷ್ಟ್ರೀಯ ಕಪ್ಪಿನಲ್ಲಿ ಮೂವತ್ತೆರಡು ತಂಡಗಳಿದ್ದವು. ಸೋತ ತಂಡ ಅಂದೇ ಗಂಟುಮೂಟೆ ಕಟ್ಟಬೇಕು. ರೆಫರಿಗಳ ಪಾಡೂ ಹೆಚ್ಚುಕಡಿಮೆ ಅದೇ. ಒಂದು ಸುತ್ತಿನಲ್ಲಿ ಎಡವಿದರೆ ಮುಂದಿನ ಸುತ್ತಿಗೆ ಕರೆ ಬರುವುದಿಲ್ಲ.

ಹಯಗ್ರೀವನಿಗೆ ಆಗ ನಲವತ್ತನಾಲ್ಕು. ಸಂಘದ ನಿಯಮದ ಪ್ರಕಾರ ನಲವತ್ತೈದು ದಾಟಿದವರಿಗೆ ರಾಷ್ಟ್ರೀಯ ಪಂದ್ಯ ಇಲ್ಲ. ಇಪ್ಪತ್ತು ವರ್ಷ ಗೆರೆಯ ಪಕ್ಕ ಓಡಿದವನಿಗೆ ಇದ್ದದ್ದು ಒಂದೇ ಆಸೆ: ಒಂದು ಫೈನಲ್ಲು. ಮೊದಲ ಸುತ್ತು ಕೊಲ್ಲಾಪುರದಲ್ಲಿ, ಎರಡನೆಯದು ಗೋವೆಯಲ್ಲಿ. ಕಂಪನಿಯ ರಜೆಯೆಲ್ಲ ಅಲ್ಲಿಗೇ ಹೋಯಿತು. ಆ ವರ್ಷ ಉಡುಪಿಗೆ ಹೋಗುವುದನ್ನು ಮುಕ್ತಾಳೇ ಬೇಡವೆಂದಳು. “ನಿಮ್ಮ ಕಪ್ಪು ಮುಗೀಲಿ. ಊರು ಎಲ್ಲಿಗೂ ಓಡಿ ಹೋಗೂದಿಲ್ಲ.”

ಬೆಳಿಗ್ಗೆ ಅನಘಳನ್ನು ಕಾಲೇಜಿನ ಲೋಕಲ್ ರೈಲಿಗೆ ಹತ್ತಿಸಲು ಹೋದಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಅವನು ಕಣ್ಣು ಪಳಗಿಸುತ್ತಿದ್ದ. ಗಾಡಿ ಬಂದದ್ದೇ ಜನ ಮುನ್ನುಗ್ಗುತ್ತಿದ್ದರು.

“ನೀಲಿ ಶರ್ಟಿನವ ಮುಂದಾ, ಕೊಡೆ ಹಿಡಿದ ಹೆಂಗಸು ಮುಂದಾ? ಬೇಗ ಹೇಳು!”

“ಪಪ್ಪಾ, ಟ್ರೇನ್ ಛೂಟ್ ಜಾಯೇಗಿ.” ಗಾಡಿ ತಪ್ಪೀತೆಂದು ಅನಘ ಬಾಗಿಲತ್ತ ಓಡುತ್ತಿದ್ದಳು.

“ಹೆಂಗಸು. ಒಂದು ಭುಜದಷ್ಟು.”

ಆಫೀಸಿನಲ್ಲಿ ಅವನು ಯಾರೊಂದಿಗೂ ಎತ್ತರದ ದನಿಯಲ್ಲಿ ಮಾತಾಡಿದವನಲ್ಲ. ತರಕಾರಿಯವನು ಕೊಳೆತ ಟೊಮೆಟೊ ಹಾಕಿದರೂ ಸುಮ್ಮನೆ ತರುತ್ತಿದ್ದ. ಆದರೆ ಬಾವುಟ ಎತ್ತಿದ ಕೈಯನ್ನು ಅವನು ಅಂಜಿ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

*

ಕ್ವಾರ್ಟರ್ ಫೈನಲ್ ನವಿ ಮುಂಬಯಿಯಲ್ಲೇ ಬಿತ್ತು. ಮುಕ್ತಾ, ಅನಘ ಮೊದಲ ಬಾರಿ ಗಂಡನ, ಅಪ್ಪನ ಪಂದ್ಯ ನೋಡಲು ಹೋದರು. ರೆಫರಿ ಸರ್ವೋತ್ತಮ, ಬಾವುಟ ಹಯಗ್ರೀವ ಮತ್ತು ವಿಠಲನ ಕೈಯಲ್ಲಿ. ಮೂವರ ಕಿವಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಪುಟ್ಟ ಯಂತ್ರ ಸಿಕ್ಕಿಸಿದ್ದರು.

ಆಡುತ್ತಿದ್ದದ್ದು ಬಿಲ್ಡರ್ ಒಬ್ಬನ ಹೊಸ ಕ್ಲಬ್ಬು, ಊರಿನ ಜನರ ಕಣ್ಮಣಿ. ಒಂದಕ್ಕೆ ಒಂದು ಗೋಲು. ಎಂಬತ್ತೊಂಬತ್ತನೇ ನಿಮಿಷದಲ್ಲಿ ಆ ಕ್ಲಬ್ಬಿನವನು ಚೆಂಡನ್ನು ಬಲೆಗೆ ಹೊಡೆದ. ಹತ್ತು ಸಾವಿರ ಜನ ಎದ್ದು ನಿಂತರು. ಗೆರೆಯ ಪಕ್ಕ ಹಯಗ್ರೀವನ ಬಾವುಟ ಮೇಲಿತ್ತು. ಆಫ್‌ಸೈಡ್. ಪಾಸ್ ಹೊರಟ ಕ್ಷಣದಲ್ಲಿ ಹೊಡೆದವನು ಎದುರು ತಂಡದ ಕೊನೆಯ ರಕ್ಷಕನಿಗಿಂತ ಮುಂದಿದ್ದ, ಗೋಲು ಲೆಕ್ಕಕ್ಕಿಲ್ಲ.

ಬಾಟಲಿಗಳು ಬಂದು ಬಿದ್ದವು. ಒಂದು ಅವನ ಕಿವಿಯ ಮೇಲೆ ತಾಗಿ ರಕ್ತ ಇಳಿಯಿತು. ಸರ್ವೋತ್ತಮ ಓಡಿಬಂದ, ಏನೋ ಹೇಳಿದ, ಗೋಲಿಲ್ಲವೆಂದು ಕೈ ಬೀಸಿದ. ಪೆನಾಲ್ಟಿಯಲ್ಲಿ ಕ್ಲಬ್ಬು ಸೋತಿತು.

“ಸರ್ವೋತ್ತಮನೂ ಕಂಡಿದ್ದಾನೆ,” ಎಂದ ಹಯಗ್ರೀವ, ಮುಕ್ತಾ ಗಾಯಕ್ಕೆ ಹತ್ತಿ ಒತ್ತುವಾಗ. “‘ಸರಿ ಉಂಟು ಹಯಾ, ನಾನೂ ಕಂಡೆ’ ಅಂದ.”

ಅನಘ ಟೀವಿಯ ಚಿತ್ರವನ್ನು ಮೊಬೈಲಿನಲ್ಲಿ ನಿಲ್ಲಿಸಿ ತೋರಿಸಿದಳು. ಭುಜವೊಂದೇ ಅಲ್ಲ, ಮೊಣಕಾಲೂ ಮುಂದಿತ್ತು.

ಬಿಲ್ಡರ್ ಸಂಘಕ್ಕೆ ದೂರು ಕೊಟ್ಟ. ಮೂರು ದಿನಗಳ ಬಳಿಕ ಸರ್ವೋತ್ತಮನ ವರದಿ ಬಂತು. ತನಗೆ ಗೋಲು ಸರಿಯೆಂದೇ ಕಂಡಿತ್ತು, ಸಹಾಯಕನ ಬಾವುಟ ನಂಬಿ ಮೋಸಹೋದೆ ಎಂದಿತ್ತು. ವಿಠಲ, ತನ್ನ ಕಿವಿಯ ಯಂತ್ರ ಕೆಟ್ಟಿತ್ತು, ಏನೂ ಕೇಳಿಸಲಿಲ್ಲವೆಂದು ಬರೆದುಕೊಟ್ಟಿದ್ದ. ತನಿಖೆ ಮುಗಿಯುವ ತನಕ ಹಯಗ್ರೀವನಿಗೆ ಪಂದ್ಯವಿಲ್ಲವೆಂದರು. ತನಿಖೆ ಮುಗಿಯುವ ಮೊದಲು ಅವನ ವಯಸ್ಸು ಮುಗಿಯಿತು.

ಫೈನಲ್ಲಿಗೆ ಸೀಟಿ ಊದಿದ್ದು ಸರ್ವೋತ್ತಮ. ಹಯಗ್ರೀವ ಟೀವಿಯ ಮುಂದೆ ತೊಂಬತ್ತು ನಿಮಿಷವೂ ನಿಂತೇ ನೋಡಿದ. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

*

ಸ್ಮಶಾನದ ಗ್ಯಾಸಿನ ಒಲೆಯೆದುರು ಕಬ್ಬಿಣದ ಟ್ರಾಲಿಯ ಮೇಲೆ ಅವನನ್ನು ಇಟ್ಟಿದ್ದರು. ಭಟ್ಟರ ಮಂತ್ರ ಮುಗಿಯಿತು. ಹಿಂದೆ ಇನ್ನೊಂದು ಶವ ಕಾಯುತ್ತಿತ್ತು. ಯಾರೋ ಮರಾಠಿ ಅಜ್ಜ, ಸುತ್ತ ಬಿಳಿ ಟೊಪ್ಪಿಯವರು.

ಸರ್ವೋತ್ತಮ ಮುಂದೆ ಬಂದು ಕಾಗದ ಬಿಡಿಸಿದ. “ನಮ್ಮ ಸಂಘದ ಹಿರಿಯ...”

“ನಿಲ್ಸಿ,” ಎಂದಳು ಮುಕ್ತಾ. ಟ್ರಾಲಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು. “ಆ ಕಾಗದ ಬೇಡ. ಆ ಗೋಲು ಆಫ್‌ಸೈಡ್ ಹೌದೋ ಅಲ್ಲವೋ, ಅದೊಂದು ಹೇಳಿ. ಹೇಳದೆ ಇವರನ್ನು ಒಳಗೆ ಕಳಿಸೂದಿಲ್ಲ.”

“ಮುಕ್ತಕ್ಕ, ಇದು ಅದಕ್ಕೆ ಜಾಗ ಅಲ್ಲ.”

“ಯಾವ ಜಾಗ ಮತ್ತೆ? ನಿಮ್ಮ ಆಫೀಸಿಗೆ ಎಷ್ಟು ಸಲ ಬಂದಿದ್ರು ಅವರು? ಹೊರಗಿನ ಬೆಂಚಲ್ಲಿ ಕೂರ್ಸಿದ್ರಲ್ಲ, ಅದಾ ಜಾಗ?”

“ಅತ್ತಿಗೆ, ಹಿಂದೆ ಜನ ಕಾಯ್ತಿದ್ದಾರೆ,” ವಿಷ್ಣುಮೂರ್ತಿ ಗೋಗರೆದ.

“ಕಾಯ್ಲಿ. ನಾವು ಮೂರು ವರ್ಷ ಕಾಯ್ಲಿಲ್ವಾ?”

ಒಲೆಯವನು ಗಡಿಯಾರ ನೋಡಿದ. ಸರ್ವೋತ್ತಮ ಬೆವರೊರೆಸಿಕೊಂಡ. “ಆವಾಗಿನ ಗಲಾಟೆಯಲ್ಲಿ ಯಾರಿಗೆ ಎಂತ ಕಂಡಿತು ಅಂತ ಈಗ...”

“ಸುಳ್ಳು ಹೇಳಬ್ಯಾಡ್ರಿ ಸರ್.” ವಿಠಲ ರೆಫರಿಗಳ ನಡುವಿನಿಂದ ಹೇಳಿದ. “‘ಸರಿ ಉಂಟು ಹಯಾ, ನಾನೂ ಕಂಡೆ’ ಅಂದ್ರಿ. ನನ್ ಕಿವ್ಯಾಗ ಬಿದ್ದದ.”

ಮುಕ್ತಾ ಅವನತ್ತ ತಿರುಗಿದಳು. “ನಿನ್ನ ಯಂತ್ರ ಕೆಟ್ಟಿತ್ತಲ್ಲ?”

“ಕೆಟ್ಟಿರ್ಲಿಲ್ರಿ ವೈನಿ.”

“ಮತ್ತೆ ಯಾಕೆ ಹಾಗೆ ಬರ್ದುಕೊಟ್ಟೆ?”

“ಸಂಘದವ್ರು ಸೆಮಿಫೈನಲ್ ಕೊಡ್ತೀವಿ ಅಂದಿದ್ರು.”

“ಕೊಟ್ರಾ?”

“ಕೊಟ್ರು.”

“ನಮ್ಮವರಿಗೆ ಗೊತ್ತಿತ್ತಾ ಇದು?”

“ಗೊತ್ತಿತ್ರಿ. ಒಂದ್ ದಿನಾನೂ ಕೇಳ್ಲಿಲ್ಲ ನನ್ನ. ಪ್ರತಿ ಐತ್ವಾರ ಸ್ಟೇಷನ್‌ನ್ಯಾಗ ನನಗ ಚಾ ತಗೊಂಡು ನಿಂತಿರ್ತಿದ್ದ.”

“ನಾನೂ ಬಡಿಸಿದ್ದೇನಲ್ಲ, ಮೂರು ವರ್ಷ,” ಎಂದಳು ಮುಕ್ತಾ. “ನಿನಗೆ ಇಷ್ಟ ಅಂತ ಗೊಜ್ಜು ಮಾಡ್ತಿದ್ದೆ.”

ಅಷ್ಟು ಹೇಳಿ ಅವನಿಂದ ಕಣ್ಣು ತೆಗೆದು ಸರ್ವೋತ್ತಮನನ್ನು ನೋಡಿದಳು. ಉಳಿದ ರೆಫರಿಗಳೂ ಅವನನ್ನೇ ನೋಡುತ್ತಿದ್ದರು. ಪೇಪರಿನ ಹುಡುಗಿ ಪೆನ್ನು ತೆಗೆದಳು.

“ಆಫ್‌ಸೈಡ್ ಆಗಿತ್ತು,” ಎಂದ ಸರ್ವೋತ್ತಮ, ನೆಲ ನೋಡುತ್ತ.

“ನನಗೆ ಕೇಳ್ಲಿಲ್ಲ.”

“ಆಫ್‌ಸೈಡ್ ಆಗಿತ್ತು. ಹಯಗ್ರೀವನ ಬಾವುಟ ಸರಿ ಇತ್ತು. ನನ್ನ ವರದಿ ಸುಳ್ಳು.”

“ಹಿಂದಿ ಮೇಂ ಬೋಲಿಯೇ ಅಂಕಲ್,” ಎಂದಳು ಅನಘ. ಅವಳ ಕೆನ್ನೆ ಒದ್ದೆಯಾಗಿತ್ತು, ದನಿ ಒಣಗಿತ್ತು. “ಯಹಾಂ ಸಬ್ ಕನ್ನಡ ನಹೀಂ ಸಮಝತೇ.”

ಕನ್ನಡ ಬಾರದವರಿಗೂ ತಿಳಿಯುವಂತೆ ಅವನು ಹಿಂದಿಯಲ್ಲಿ ಹೇಳಿದ. ಹಿಂದಿನ ಗುಂಪಿನಲ್ಲಿ ಒಬ್ಬ ಮುದುಕ ಪಕ್ಕದವನನ್ನು “ಕಾಯ್ ಝಾಲಂ?” ಎಂದು ಕೇಳಿದ. ಪಕ್ಕದವನು ಅವನ ಕಿವಿಗೆ ಬಾಗಿ ಏನಾಯಿತೆಂದು ಮರಾಠಿಯಲ್ಲಿ ಮೆಲ್ಲಗೆ ವಿವರಿಸಿದ. ಮುದುಕ ಟ್ರಾಲಿಯ ಮೇಲಿದ್ದವನ ಮುಖವನ್ನು ಇಣುಕಿ ನೋಡಿ ಕೈ ಮುಗಿದ.

ಮುಕ್ತಾಳ ಕೈ ಸರಳನ್ನು ಬಿಡಲಿಲ್ಲ. ಅನಘ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ವಿಷ್ಣುಮೂರ್ತಿ ತಲೆಯ ಕಡೆ ಬಂದು ನಿಂತ. ಒಬ್ಬನಿಂದ ಆಗುವ ಭಾರವಲ್ಲ. ವಿಠಲ ಅಭ್ಯಾಸಬಲದಿಂದ ಮುಂದೆ ಬಂದು ಇನ್ನೊಂದು ಮಗ್ಗುಲಿಗೆ ಕೈ ಚಾಚಿದ.

“ನೀನು ಬೇಡ,” ಎಂದಳು ಮುಕ್ತಾ.

ಚಾಚಿದ ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ಸರ್ವೋತ್ತಮ ಕದಲಲಿಲ್ಲ. ರೆಫರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹಿಂದಿನ ಗುಂಪಿನಿಂದ ಬಿಳಿ ಟೊಪ್ಪಿಯ ಇಬ್ಬರು ತಮ್ಮ ಅಜ್ಜನನ್ನು ಬಿಟ್ಟು ಬಂದು, ಪರಿಚಯವೂ ಇಲ್ಲದ ಆ ಲೈನ್ಸ್‌ಮನ್‌ನ ಕಾಲಿನ ಕಡೆ ಭುಜ ಕೊಟ್ಟು ಟ್ರಾಲಿಯನ್ನು ಒಳಗೆ ತಳ್ಳಿದರು.