ಬಾಣಂತಿ ಕೋಣೆಯ ಮರಿಗಳು

ದೇವಿರಮ್ಮ ಮಗಳಿಗೆಂದು ಸುಣ್ಣ ಬಳಿಸಿಟ್ಟಿದ್ದ ಬಾಣಂತಿ ಕೋಣೆಗೆ ಕೊನೆಗೆ ಬಂದಿಳಿದದ್ದು ಫಾರಂ ಕೋಳಿಮರಿಗಳು.

ಚೊಚ್ಚಲ ಹೆರಿಗೆಗೆ ಮಗಳು ಚಿಕ್ಕತಾಯಿ ಗಂಡನ ಮನೆಯಿದ್ದ ಮಳವಳ್ಳಿಯಿಂದ ಸೋಮನಹಳ್ಳಿಯ ತವರಿಗೆ ಬರಬೇಕಿತ್ತು. ಇದ್ದಿಲು, ಬೆಳ್ಳುಳ್ಳಿ, ಮೆತ್ತನೆಯ ಹಳೇ ಸೀರೆ, ಎಲ್ಲ ಕೂಡಿಟ್ಟಾಗಿತ್ತು. ಆದರೆ ಸೀಮಂತದ ದಿನ ಪಾಯಸಕ್ಕೆ ಬೆಲ್ಲ ಕಮ್ಮಿಯಾಯಿತೆಂದು ಬೀಗಿತ್ತಿ ಬೆಟ್ಟಮ್ಮ ಮೂಗು ಮುರಿದಳು. ದೇವಿರಮ್ಮನೇನು ಬಾಯಿ ಇಲ್ಲದವಳೇ? ಮಾತಿಗೆ ಮಾತು ಬೆಳೆಯಿತು. "ನಮ್ಮನೆ ಸೊಸೆ ಬಾಣಂತನ ನಾವೇ ಮಾಡ್ಕತೀವಿ, ಓಗ್ರಮ್ಮ" ಎಂದುಬಿಟ್ಟಳು ಬೆಟ್ಟಮ್ಮ.

ಗಾಳಿಯಾಡದ ಬೆಚ್ಚನೆಯ ಕೋಣೆ ಸುಮ್ಮನೆ ಬಿದ್ದಿದೆಯಲ್ಲ ಎಂದು ದೇವಿರಮ್ಮನ ಗಂಡ ತಿಮ್ಮಯ್ಯ ಬೆಂಗಳೂರಿನಿಂದ ಮರಿ ತರಿಸಿದ. ತೂತು ಕೊರೆದ ಡಬ್ಬಗಳು ಬಸ್ಸಿನಿಂದ ಇಳಿದ ಮಾರನೇ ಬೆಳಗ್ಗೆಯೇ ಚಿಕ್ಕತಾಯಿಗೆ ಹೆಣ್ಣು ಮಗುವಾದ ಸುದ್ದಿಯೂ ಬಂತು.

"ಬಾ, ಮಗೀನ ನೋಡ್ಕಂಡು ಬರಾನ" ಎಂದ ತಿಮ್ಮಯ್ಯ.

"ಮರಿಗಳ್ನ ಯಾರು ನೋಡ್ಕತಾರೆ? ನೀನೇ ಓಗು."

ಮರಿಗಳದ್ದು ಬರೀ ನೆಪ. ಕರೆಯದ ಮನೆಗೆ ಹೋಗಲು ಬಿಗುಮಾನ ಬಿಡಲಿಲ್ಲ.

ಅವನು ಹೊರಟ ಮೇಲೆ ಅವಳು ಹೊಟ್ಟಿನ ಮೇಲೆ ಹಾಸಿದ್ದ ಕಾಗದದ ಮೇಲೆ ಜೋಳದ ನುಚ್ಚು ಚೆಲ್ಲಿ, ತಾಯಿಕೋಳಿಯ ಹಾಗೆ ಬೆರಳಲ್ಲಿ ಟಕಟಕ ಕುಟ್ಟಿದಳು. ತಿನ್ನದೆ ಮಂಕಾಗಿ ಕೂತಿದ್ದವನ್ನು ಎತ್ತಿಕೊಂಡು ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಕಾವಿಗೆಂದು ತೂಗುಬಿಟ್ಟಿದ್ದ ಬಲ್ಬು ಆರಿದ್ದೇ ತಡ, ಮರಿಗಳು ಕಿಚಕಿಚ ಎನ್ನುತ್ತ ಒಂದರ ಮೇಲೊಂದು ಬಿದ್ದವು. ಬೇರೆ ದಾರಿಯಿಲ್ಲದೆ ಮಗಳಿಗೆಂದಿಟ್ಟ ಇದ್ದಿಲನ್ನೇ ಅಗ್ಗಿಷ್ಟಿಕೆಗೆ ಸುರಿದು ಕೆಂಡ ಮಾಡಿದಳು. ಕಾವು ತಗಲಿದೊಡನೆ ಎಲ್ಲವೂ ಹರಡಿಕೊಂಡು ಕಣ್ಣು ಮುಚ್ಚಿದವು.

ದೇವಿರಮ್ಮ ಅವನ್ನೇ ನೋಡುತ್ತ ಕೂತಳು. ಇವಕ್ಕೆ ಕಾವು ಕೊಟ್ಟವಳೇ ತಾಯಿ. ಬೆಟ್ಟಮ್ಮ ಹುಯ್ಯುವ ಬಿಸಿನೀರಿನಲ್ಲಿ ಚಿಕ್ಕತಾಯಿಗೂ ಅವಳೇ ತಾಯಿಯಾಗಿಬಿಡಬಹುದೇ? ಮಗಳ ಬೆನ್ನಿಗೆ ಒಂದೇ ಒಂದು ಚೊಂಬು ನೀರು ಹುಯ್ಯಲು ಅವಳ ಕೈ ಹಂಬಲಿಸಿತು.

ಇಳಿಹೊತ್ತಿಗೆ ತಿಮ್ಮಯ್ಯ ಬಂದ.

"ಎಂಗವ್ಳೆ?"

"ಚೆನ್ನಾಗವ್ಳೆ. ಬೆಟ್ಟಮ್ಮ ಒಳ್ಳೇ ಬಾಣಂತನ ಮಾಡ್ತಾವ್ಳೆ, ಸುಳ್ಳು ಯಾಕೇಳ್ಲಿ."

"ನನ್ನ ಕೇಳಿದ್ಲಾ?"

ತಿಮ್ಮಯ್ಯ ಚಪ್ಪಲಿ ಬಿಡುತ್ತ ತಡವರಿಸಿದ. "ಬಾಯ್ಬುಟ್ಟು ಏನೂ ಕೇಳ್ನಿಲ್ಲ. ಅತ್ತೆ ಪಕ್ಕದಾಗೇ ಇದ್ಲಲ್ಲ. ನಾನು ಒಳಕ್ಕೋದಾಗ ಮಾತ್ರ, ನನ್ನ ಬುಟ್ಟು ನನ್ನ ಹಿಂದಕ್ಕೇ ನೋಡ್ತಿದ್ಲು. ನೀನು ಬಂದಿದ್ದೀಯೇನೋ ಅಂತ. ನಾನು ಎದ್ದು ಬರೋಗಂಟ ಬಾಗ್ಲು ಕಡೀಕೇ ನೋಡ್ತಿದ್ಲು."

ದೇವಿರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಹಳೇ ಸೀರೆಗಳನ್ನೂ ಬೆಳ್ಳುಳ್ಳಿಯನ್ನೂ ಚೀಲಕ್ಕೆ ತುಂಬಿದಳು.

"ಮರಿ ಗುಂಪುಗೂಡುದ್ರೆ ಚಳಿ ಅಂತ, ದೂರ ಸರುದ್ರೆ ಸೆಕೆ ಅಂತ. ನೋಡ್ಕೊ. ಕೊನೇ ಬಸ್ಸು ಇನ್ನೂ ಐತೆ."

"ಅಲ್ಲ ಕಣೆ, ಅವ್ರು ಕರ್ದಿಲ್ವಲ್ಲ?"

"ಚಿಕ್ಕತಾಯಿ ಕರುದವ್ಳೆ" ಎಂದು ಅವಳು ಚಪ್ಪಲಿ ಮೆಟ್ಟಿದಳು.