ಬಾಗಿಲು ಮುಚ್ಚುವ ಮೊದಲು

ಶಿಬಾದಲ್ಲಿ ನಾನು ನಡೆಸುತ್ತಿದ್ದ ವಸತಿಗೃಹಕ್ಕೆ ಸುವಾಯಾ ಎಂದು ಹೆಸರು. ನನ್ನ ತವರು ಶಿನ್ಶು ಸೀಮೆ. ಹಾಗಾಗಿ ಆ ಕಡೆಯಿಂದ ಟೋಕಿಯೋಗೆ ಬಂದವರು ಬೇರೆಲ್ಲೂ ಇಳಿಯದೆ ನಮ್ಮಲ್ಲಿಗೇ ಬರುತ್ತಿದ್ದರು. ಆಗಿನ್ನೂ ಸಂಸತ್ತು ಹಿಬಿಯಾದ ಮರದ ಕಟ್ಟಡದಲ್ಲಿ ಸೇರುತ್ತಿತ್ತು. ಗುಡ್ಡದ ಮೇಲೆ ಅದಕ್ಕೆಂದೇ ಕಲ್ಲಿನ ದೊಡ್ಡ ಕಟ್ಟಡ ಏಳುತ್ತಲೇ ಇತ್ತು, ಮುಗಿದಿರಲಿಲ್ಲ. ನಮ್ಮ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದಾದ್ದರಿಂದ ಅಧಿವೇಶನ ಶುರುವಾಯಿತೆಂದರೆ ಸದಸ್ಯರು ತಿಂಗಳುಗಟ್ಟಲೆ ಉಳಿದುಕೊಳ್ಳುತ್ತಿದ್ದರು. ಮಹಡಿಯಲ್ಲಿ ಬೀದಿಗೆ ಮುಖ ಮಾಡಿದ ಕೋಣೆ ಉಸುದಾ ತಮೆಕಿಚಿ ಅವರದು.

ಉಸುದಾ ಅವರು ರೇಷ್ಮೆಹುಳುವಿನ ಮೊಟ್ಟೆ ಮಾರುವವರು. ಮೊಟ್ಟೆ ಅಂಟಿದ ಹಾಳೆಗಳನ್ನು ಹೊತ್ತು ಊರೂರು ಸುತ್ತಿ ಬೆಳೆದ ಮನುಷ್ಯ. ಯಾರ ಮನೆಯಲ್ಲಿ ಎಷ್ಟು ಹುಳು ಮೇಯುತ್ತವೆ, ಯಾರ ಅಜ್ಜಿಗೆ ಕೆಮ್ಮು ವಾಸಿಯಾಯಿತು, ಎಲ್ಲವೂ ಅವರಿಗೆ ಗೊತ್ತು. ಆದರೆ ಊರೆಲ್ಲ ಗುರುತಿದ್ದ ಮಾತ್ರಕ್ಕೆ ಯಾರೂ ಸಂಸತ್ತಿಗೆ ಬರುವುದಿಲ್ಲ. ಅವರನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದವರು ಅವರ ಹೆಂಡತಿಯ ಅಣ್ಣ, ಯಾನಾಗಿಸಾವಾ ಗೊಹೆಯ್. ಆ ಕಣಿವೆಯಲ್ಲಿ ಅವರಷ್ಟು ಭೂಮಿ ಇದ್ದವರು ಇನ್ನೊಬ್ಬರಿಲ್ಲ. ಜಮೀನುದಾರರೆಲ್ಲ ಅವರ ಮಾತಿನಂತೆ ನಡೆಯುವವರು. ಮೊದಲ ಸಲ ಭಾವಮೈದುನರಿಬ್ಬರೂ ಒಟ್ಟಿಗೆ ನಮ್ಮಲ್ಲಿಗೆ ಬಂದಾಗ ಯಾನಾಗಿಸಾವಾ ಎಲ್ಲರೆದುರು ನಗುತ್ತ, ಮೊಟ್ಟೆ ಮಾರುವವನಿಗೆ ರೇಷ್ಮೆ ಅಂಗಿ ತೊಡಿಸಿದ್ದು ತಾನು ಎಂದಿದ್ದರು. ಉಸುದಾ ಅವರೂ ನಕ್ಕಿದ್ದರು.

ಅದೇ ವರ್ಷ ಅಮೆರಿಕದವರು ರೇಷ್ಮೆ ಕೊಳ್ಳುವುದನ್ನು ನಿಲ್ಲಿಸಿದರು. ಗೂಡಿನ ಬೆಲೆ ಪಾತಾಳ ಕಂಡಿತು. ಗೇಣಿ ಕೊಡಲಾಗದವರನ್ನು ಭೂಮಿಯಿಂದ ಎಬ್ಬಿಸುವುದು ಎಲ್ಲ ಕಡೆ ಶುರುವಾಯಿತು. ಆ ಶರತ್ಕಾಲದಲ್ಲಿ ಉಸುದಾ ಅವರು ಭಾವನ ಮನೆಗೆ ಹೋಗುವ ದಾರಿಯಲ್ಲಿ ಕೊಸುಗೆ ಎಂಬ ಗೇಣಿದಾರನನ್ನು ಕಂಡರಂತೆ. ತಾನೇ ನೆಟ್ಟು ಇಪ್ಪತ್ತು ವರ್ಷ ಸಾಕಿದ ಹಿಪ್ಪುನೇರಳೆ ಗಿಡಗಳನ್ನು ಅವನು ತಾನೇ ಕಡಿಯುತ್ತಿದ್ದ. ಹೊಲ ಬರಿದು ಮಾಡಿ ಒಪ್ಪಿಸಬೇಕೆಂದು ಯಾನಾಗಿಸಾವಾ ಕಡೆಯಿಂದ ಆಜ್ಞೆ. ಉಸುದಾ ಅವರನ್ನು ಕಂಡು ಅವನು ಕೊಡಲಿ ಕೆಳಗಿಟ್ಟು ಬಗ್ಗಿ ನಮಸ್ಕರಿಸಿದ. ಬೈಯಲಿಲ್ಲ, ಅಳಲೂ ಇಲ್ಲ. ಟೋಕಿಯೋದ ಆ ದೊಡ್ಡ ಮನೆಯಲ್ಲಿ ಇಂಥದ್ದರ ಬಗ್ಗೆ ಏನಾದರೂ ಮಾತಾಡುತ್ತಾರೆಯೇ ಎಂದು ಕೇಳಿದ, ಅಷ್ಟೆ. ಮಾತಾಡುತ್ತಾರೆ ಎಂದು ಹೇಳಿ ಉಸುದಾ ಅವರು ಮುಂದೆ ನಡೆದರು. ಅದು ಸುಳ್ಳಾಗಿತ್ತು, ಆಗ ಯಾರೂ ಮಾತಾಡುತ್ತಿರಲಿಲ್ಲ. ಇದನ್ನು ಅವರೇ ನನಗೆ ಹೇಳಿದ್ದು, ಒಂದು ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಕೂತು. ಅನ್ನ ಮುಟ್ಟಿರಲಿಲ್ಲ.

ಚಳಿಗಾಲದ ಅಧಿವೇಶನದಲ್ಲಿ ಗೇಣಿ ಮಸೂದೆ ಬಂತು. ತಕ್ಕ ಕಾರಣವಿಲ್ಲದೆ ಗೇಣಿದಾರನನ್ನು ಎಬ್ಬಿಸಬಾರದು ಎಂಬುದೇ ಅದರ ತಿರುಳು. ಆಳುವ ಪಕ್ಷದ ಮಸೂದೆಯೇ ಆದರೂ ಪಕ್ಷದೊಳಗಿನ ಜಮೀನುದಾರರು ಒಬ್ಬೊಬ್ಬರಾಗಿ ಕಳಚಿಕೊಳ್ಳತೊಡಗಿದರು. ಉಸುದಾ ಅವರು ಎದ್ದು ನಿಂತು ಮಸೂದೆಯ ಪರ ಮಾತಾಡಿದರು. ರೇಷ್ಮೆ ಸೀಮೆಯ ನಾಲ್ಕೈದು ಸದಸ್ಯರು, ಮತದ ದಿನ ಇವರು ನಿಜಕ್ಕೂ ಯಾವ ಕಡೆ ಹೋಗುತ್ತಾರೋ ನೋಡಿ ತಾವೂ ಹೋಗೋಣವೆಂದು ಕಾಯುತ್ತಿದ್ದರು. ಮತ ಎಣಿಸಿದರೆ ಉಸುದಾ ಅವರೇ ತಕ್ಕಡಿಯ ಮುಳ್ಳು ಎಂದು ಪತ್ರಿಕೆಗಳು ಬರೆದವು.

ಮತದಾನದ ಹಿಂದಿನ ದಿನ ಸಂಜೆ ಯಾನಾಗಿಸಾವಾ ಟೋಕಿಯೋಗೆ ಬಂದಿಳಿದರು. ಜೊತೆಗೆ ಊರಿನ ಐದಾರು ಗಂಡಸರು. ಅವರಲ್ಲಿ ಕಿವಿ ಹರಿದ ಒಬ್ಬನನ್ನು ನೋಡಿದರೇ ಹೊಡೆದಾಟಕ್ಕೆಂದೇ ಸಾಕಿದವನೆಂದು ತಿಳಿಯುತ್ತಿತ್ತು. ಎಲ್ಲರ ಹಿಂದೆ ತಲೆ ತಗ್ಗಿಸಿ ಬಂದವರು ಮಸಾನೊ, ಉಸುದಾ ಅವರ ಹೆಂಡತಿ. ಅಣ್ಣ ಅವರನ್ನೂ ಹೊರಡಿಸಿಕೊಂಡು ಬಂದಿದ್ದರು.

ಮರುದಿನ ಬೆಳಗಾಗುವಷ್ಟರಲ್ಲಿ ನನ್ನ ಮನೆ ನನ್ನದಾಗಿ ಉಳಿದಿರಲಿಲ್ಲ. ಟೆಲಿಫೋನಿನ ಮುಂದೆ ಒಬ್ಬ ಕೂತಿದ್ದ. ಬಾಗಿಲ ಬಳಿ ಚಪ್ಪಲಿ ಗೂಡಿನ ಪಕ್ಕ ಇನ್ನೊಬ್ಬ. ಉಸುದಾ ಅವರ ಬೂಟು ಗೂಡಿನಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ, ಪಾಲಿಶ್ ಮಾಡಿಸಲು ಕಳಿಸಿದ್ದೇವೆ ಎಂದು ನಕ್ಕ. ಕಿವಿ ಹರಿದವನು ಮಹಡಿಯ ಕೋಣೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದ. ಪಕ್ಷದ ಕಚೇರಿಯಿಂದ ಕರೆಯಲು ಬಂದವನಿಗೆ, ಉಸುದಾ ಅವರಿಗೆ ಜೋರು ಜ್ವರ, ಏಳುವ ಸ್ಥಿತಿಯಲ್ಲಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ನಾನು ಅಲ್ಲೇ ನಿಂತಿದ್ದೆ. ನನ್ನ ಬೆನ್ನ ಹಿಂದೆ ಒಬ್ಬ ನಿಂತು ನನ್ನ ಮಾತಿಗಾಗಿಯೇ ಕಾಯುತ್ತಿದ್ದ. ಪೊಲೀಸರನ್ನು ಕರೆಯೋಣವೆಂದರೆ ಏನೆಂದು ದೂರು ಕೊಡುವುದು? ಭಾವ ಭಾವಮೈದುನನ ಕೋಣೆಯಲ್ಲಿ ಕೂತು ಚಹಾ ಕುಡಿಯುವುದು ಅಪರಾಧವೇ?

ಹೊರಗೆ ಒದ್ದೆ ಹಿಮ ಬೀಳುತ್ತಿತ್ತು. ಸಭೆ ಒಂದು ಗಂಟೆಗೆ. ಇಂಥ ಮತದಾನದಲ್ಲಿ ಸಭೆಯ ಬಾಗಿಲುಗಳನ್ನು ಮುಚ್ಚಿಬಿಡುತ್ತಾರೆ, ಆಮೇಲೆ ಬಂದವನು ಮಂತ್ರಿಯೇ ಆದರೂ ಹೊರಗೇ. ಒಳಗಿದ್ದವರು ತಮ್ಮ ಹೆಸರು ಬರೆದ ಮರದ ಚೀಟಿಯನ್ನು ವೇದಿಕೆಗೆ ಒಯ್ದು ಕೊಡಬೇಕು. ಒಪ್ಪಿಗೆಗೆ ಬಿಳಿ, ವಿರೋಧಕ್ಕೆ ನೀಲಿ.

ಹನ್ನೆರಡು ದಾಟಿದ ಮೇಲೆ ನಾನು ಚಹಾ ತೆಗೆದುಕೊಂಡು ಮೇಲೆ ಹೋದೆ. ಕಿವಿ ಹರಿದವನು ಕಾಲು ಮಡಿಸಿ ದಾರಿ ಕೊಟ್ಟ. ಒಳಗೆ ಇದ್ದಿಲ ಕುಂಡದ ಆ ಕಡೆ ಯಾನಾಗಿಸಾವಾ, ಈ ಕಡೆ ಉಸುದಾ ಅವರು. ಮಸಾನೊ ಗೋಡೆಯ ಪಕ್ಕ. ಯಾನಾಗಿಸಾವಾ ಊರಿಂದ ತಂದ ಸೊಪ್ಪಿನ ಉಪ್ಪಿನಕಾಯಿಯನ್ನು ತಟ್ಟೆಗೆ ಹಾಕುತ್ತ, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

"ತಿಂದು ಒಂದು ನಿದ್ದೆ ಮಾಡು, ತಮೆಕಿಚಿ. ನೀನು ಏಳೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ನೀಲಿ ಚೀಟಿ ಹಾಕು ಅಂತಲೂ ನಾನು ಹೇಳ್ತಿಲ್ಲ. ಜ್ವರ ಬಂದೋನನ್ನ ಯಾರೂ ಬೈಯಲ್ಲ."

"ಭಾವ, ಕೊಸುಗೆ ಈಗ ಎಲ್ಲಿದ್ದಾನೆ?" ಎಂದರು ಉಸುದಾ ಅವರು.

"ಯಾವ ಕೊಸುಗೆ?"

"ನಿಮ್ಮ ತೊರೆ ಪಕ್ಕದ ಹೊಲ ಮಾಡ್ತಿದ್ದನಲ್ಲ."

"ಹೋದೋರೆಲ್ಲ ಎಲ್ಲಿಗೆ ಹೋದ್ರು ಅಂತ ನಾನು ಹಿಂದೆ ಹೋಗಿ ನೋಡಲಾ?"

ಉಸುದಾ ಅವರು ಎದ್ದು ನಿಂತರು. ಹೊಸ್ತಿಲಲ್ಲಿದ್ದವನೂ ಎದ್ದ. ಯಾನಾಗಿಸಾವಾ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಬಿಲ್ಲೆ ಇಲ್ಲದೆ ಒಳಗೆ ಬಿಡಲ್ಲ ಅಲ್ವಾ ನಿಮ್ಮ ಸಂಸತ್ತಿನಲ್ಲಿ?" ಎಂದರು. ಉಸುದಾ ಅವರ ಕೈ ಎದೆಗೆ ಹೋಯಿತು. ಸದಸ್ಯರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಅಲ್ಲಿರಲಿಲ್ಲ. "ಹುಡುಕಬೇಡ. ನಿನ್ನ ಹೆಂಡತಿ ಹತ್ರ ಕೊಟ್ಟಿದೀನಿ. ಅವಳು ಮೊದಲು ನನ್ನ ತಂಗಿ, ಆಮೇಲೆ ನಿನ್ನ ಹೆಂಡತಿ."

ಉಸುದಾ ಅವರು ಹೆಂಡತಿಯತ್ತ ತಿರುಗಿದರು. ಕೇಳಲಿಲ್ಲ. ಕೇಳಿದ್ದರೆ ಆಕೆ ಅಣ್ಣನೆದುರು ಕೊಡಬೇಕು, ಇಲ್ಲವೇ ಗಂಡನೆದುರು ಕೊಡುವುದಿಲ್ಲ ಎನ್ನಬೇಕು. ಆ ಇಕ್ಕಟ್ಟಿಗೆ ಅವರು ಆಕೆಯನ್ನು ನೂಕಲಿಲ್ಲ ಎಂದು ನಾನು ತಿಳಿದುಕೊಂಡೆ. ಆದರೆ ನೂಕಲು ಯಾನಾಗಿಸಾವಾ ಹಿಂಜರಿಯಲಿಲ್ಲ.

"ಮಸಾನೊ, ಎಲ್ಲರ ಮುಂದೆ ಹೇಳ್ತಿದೀನಿ, ಕೇಳ್ಕೋ. ಇವನು ಈ ಹೊಸ್ತಿಲು ದಾಟಿದ್ರೆ ನೀನು ಇವತ್ತೇ ನನ್ನ ಜೊತೆ ಹೊರಡ್ತೀಯ. ಇವನು ಸಂಸತ್ತಿನ ಆ ಕುರ್ಚೀಲಿ ಇರೋ ತನಕ ಇವನ ಮನೆ ಕಡೆ ತಲೆ ಹಾಕಬಾರದು. ಏನಂತೀಯ?"

ಆಕೆ ಅತ್ತು, ಗಂಡನ ಕಾಲು ಹಿಡಿದು ನಿಲ್ಲಿಸುತ್ತಾಳೆ ಎಂದು ಯಾನಾಗಿಸಾವಾ ಎಣಿಸಿದ್ದರು. ನಾನೂ ಹಾಗೆಯೇ ಎಣಿಸಿದ್ದೆ.

"ಆಗಲಿ, ಅಣ್ಣಯ್ಯ," ಎಂದರು ಮಸಾನೊ.

ಎದ್ದು ಗೋಡೆಯ ಬೀರುವಿನಿಂದ ಗಂಡನ ಕಪ್ಪು ಮೇಲಂಗಿ, ನೆರಿಗೆಯ ಉಡುಪು ತೆಗೆದರು. ಗಂಡನ ಮುಂದೆ ಮೊಣಕಾಲೂರಿ ಕೂತು ಸೊಂಟದ ಪಟ್ಟಿ ಬಿಗಿದು ಗಂಟು ಹಾಕಿದರು. ಮದುವೆಗೆ ಹೊರಡಿಸುವಂತೆ ಒಂದೊಂದು ನೆರಿಗೆಯನ್ನೂ ಕೈಯಿಂದ ಒತ್ತಿದರು. ಕೊನೆಗೆ ತಮ್ಮ ಸೊಂಟದ ಪಟ್ಟಿಯ ಒಳಗಿನಿಂದ ಬಿಲ್ಲೆ ತೆಗೆದು ಗಂಡನ ಎದೆಗೆ ಸಿಕ್ಕಿಸಿದರು. ಪಿನ್ನು ಬೆರಳಿಗೆ ಚುಚ್ಚಿತು. ರಕ್ತ ಬಟ್ಟೆಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡರು.

ಕಿವಿ ಹರಿದವನು ಬಾಗಿಲಿಗೆ ಅಡ್ಡ ನಿಂತ.

"ಅಣ್ಣಯ್ಯ," ಎಂದರು ಮಸಾನೊ. ದನಿ ಏರಲಿಲ್ಲ. "ಇವರು ದಾಟಿದ್ರೆ ಅಂತ ನೀವು ಹೇಳಿದ್ರಿ, ನಾನು ಒಪ್ಪಿದೆ. ದಾಟೋಕೇ ಬಿಡದೆ ಇದ್ರೆ ನನ್ನಿಂದ ಯಾಕೆ ಮಾತು ತಗೊಂಡ್ರಿ? ನಿಮ್ಮ ಜನ ಎಲ್ಲಾ ಕೇಳಿಸಿಕೊಂಡಿದಾರೆ."

ಯಾನಾಗಿಸಾವಾ ಅವರ ಮುಖ ಕೆಂಪಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಕೊಟ್ಟ ಮಾತಿಗೆ ತಪ್ಪದವರು ಎಂಬುದೇ ಆ ಕಣಿವೆಯಲ್ಲಿ ಅವರ ದೊಡ್ಡ ಹೆಸರು. ತಂಗಿಯೇ ಅದನ್ನು ಅವರ ಮುಂದೆ ಹಿಡಿದಿದ್ದಳು. ಬಹಳ ಹೊತ್ತು ಕುಂಡದ ಬೂದಿಯನ್ನು ಕಡ್ಡಿಯಿಂದ ಕೆದಕಿದರು. ಆಮೇಲೆ ತಲೆಯೆತ್ತದೆ, ಬಿಡೋ ಎಂದರು. ಅಡ್ಡ ನಿಂತವನು ಸರಿದ.

ನಾನು ಮುಂದಾಗಿ ಮೆಟ್ಟಿಲಿಳಿದೆ. ಬೂಟು ಇರಲಿಲ್ಲವಲ್ಲ, ನಮ್ಮ ಮನೆಯ ಮುದ್ರೆ ಒತ್ತಿದ ಮರದ ಚಪ್ಪಲಿಯನ್ನೇ ಇಟ್ಟೆ. ಅದನ್ನೇ ಮೆಟ್ಟಿಕೊಂಡು ಅವರು ಒದ್ದೆ ಹಿಮದಲ್ಲಿ ಓಡಿದರು. ರಾಷ್ಟ್ರದ ಸಂಸತ್ತಿನ ಸದಸ್ಯರೊಬ್ಬರು ಸ್ನಾನದ ಮನೆಗೆ ಹೊರಟವರಂತೆ ಟಕಟಕ ಸದ್ದು ಮಾಡುತ್ತ ಓಡುವುದನ್ನು ಬೀದಿಯವರು ನಿಂತು ನೋಡಿದರು.

ಮುಂದಿನದನ್ನು ಅವರೇ ಹೇಳಿದ್ದು. ಸಂಸತ್ತಿನ ಅಂಗಳ ತಲುಪುವಾಗ ಗಂಟೆ ಬಾರಿಸುತ್ತಿತ್ತು. ಕಾವಲುಗಾರ ಬಿಲ್ಲೆ ನೋಡಿದ, ಮುಖ ನೋಡಿದ, ನಿಮಗೆ ಜ್ವರ ಅಂದರಲ್ಲ ಎಂದು ಗೊಂದಲಕ್ಕೆ ಬಿದ್ದ. ಆ ಚಪ್ಪಲಿಯಲ್ಲಿ ಒಳಗೆ ಹೋಗುವಂತಿರಲಿಲ್ಲ. ಅಲ್ಲೇ ಕಳಚಿ, ಒದ್ದೆ ಕಾಲುಚೀಲದಲ್ಲೇ ಹಜಾರದುದ್ದಕ್ಕೂ ಓಡಿದರು. ಬಾಗಿಲಿನ ಎರಡೂ ರೆಕ್ಕೆಗಳನ್ನು ಇಬ್ಬರು ತಳ್ಳುತ್ತಿದ್ದರು. ಇವರು ಭುಜ ಕೊಟ್ಟು ನುಗ್ಗಿದರು. ಹಿಂದೆ ಬಾಗಿಲು ಮುಚ್ಚಿತು. ರೇಷ್ಮೆ ಸೀಮೆಯ ಸದಸ್ಯರು ನೀಲಿ ಚೀಟಿ ಕೈಯಲ್ಲಿ ಹಿಡಿದು ಕೂತಿದ್ದವರು ಇವರನ್ನೂ ಇವರ ಕಾಲನ್ನೂ ನೋಡಿದರು. ಇವರು ಬಿಳಿ ಚೀಟಿ ಹಿಡಿದು ವೇದಿಕೆಗೆ ನಡೆದರು. ಆ ಪೈಕಿ ಮೂವರು ಕೈಯಲ್ಲಿದ್ದ ಚೀಟಿ ಬದಲಿಸಿದರು.

ನಮ್ಮ ಮನೆಯ ಮಹಡಿಯಲ್ಲಿ ಆ ಹೊತ್ತಿಗೆ ಅಣ್ಣ ತಂಗಿ ಇಬ್ಬರೇ. ಯಾನಾಗಿಸಾವಾ ಜನರನ್ನು ಕೆಳಗೆ ಕಳಿಸಿದ್ದರು. ಮಸಾನೊ ಗಂಡನ ಮನೆಯುಡುಪನ್ನು ಮಡಿಸಿಟ್ಟರು, ಇದ್ದಿಲಿಗೆ ಬೂದಿ ಮುಚ್ಚಿದರು. ಉಪ್ಪಿನಕಾಯಿ ಬೇಗ ಹುಳಿಯಾಗದ ಹಾಗೆ ತಣ್ಣಗಿರುವ ಕಡೆ ಇಡಿ ಎಂದು ನನಗೆ ಹೇಳಿದರು. ಮಸೂದೆ ಗೆದ್ದಿತೆಂಬ ಸುದ್ದಿ ಬರುವ ಮೊದಲೇ ಇಬ್ಬರೂ ಉಯೆನೋ ನಿಲ್ದಾಣದಿಂದ ರೈಲು ಹತ್ತಿದ್ದರು. ಉಸುದಾ ಅವರು ಒದ್ದೆ ಕಾಲುಚೀಲದಲ್ಲೇ ಬಂದು ಖಾಲಿ ಕೋಣೆ ನೋಡಿ, ಬಾಗಿಲೆಳೆದುಕೊಂಡರು.

ಮಸೂದೆ ಕಾನೂನಾಗಲಿಲ್ಲ. ಮೇಲ್ಮನೆಯ ಶ್ರೀಮಂತರು ಅದನ್ನು ಚರ್ಚೆಗೇ ಎತ್ತಿಕೊಳ್ಳದೆ ಅಧಿವೇಶನ ಮುಗಿಸಿದರು. ರಾಜೀನಾಮೆ ಕೊಟ್ಟರೆ ಹೆಂಡತಿ ನಾಳೆಯೇ ಬರುತ್ತಾಳೆ ಎಂದು ಯಾನಾಗಿಸಾವಾ ಹೇಳಿ ಕಳಿಸಿದ್ದೂ ಉಂಟು. ನೀವು ಕೊಟ್ಟುಬಿಡಬಾರದೇ, ಮಸೂದೆ ಹೇಗೂ ಸತ್ತಿತಲ್ಲ ಎಂದು ನಾನೂ ಒಮ್ಮೆ ಕೇಳಿದೆ. "ಅವಳು ಬೆಲೆ ಕೊಟ್ಟು ಕೂರಿಸಿರೋ ಕುರ್ಚಿ ಇದು, ತಾಯಿ, ನಾನಾಗೇ ಹೇಗೆ ಎದ್ದು ಬರ್ಲಿ?" ಎಂದರು. ಆ ವರ್ಷ ಅವರು ತುಂಬ ಸೊರಗಿದರು.

ಮುಂದಿನ ಫೆಬ್ರವರಿಯಲ್ಲಿ ಚುನಾವಣೆ ಬಂತು. ಯಾನಾಗಿಸಾವಾ ಬೇರೆಯವರನ್ನು ನಿಲ್ಲಿಸಿದರು. ಉಸುದಾ ಅವರು ಹೀನಾಯವಾಗಿ ಸೋತರು. ಗೇಣಿದಾರರ ಕೇರಿಗಳಲ್ಲೂ ಅವರಿಗೆ ಮತ ಬೀಳಲಿಲ್ಲ; ಜನ ಹೆದರಿದ್ದರು. ಆ ಜನರ ಮೇಲೆ ಉಸುದಾ ಅವರಿಗೆ ಕೋಪವಿರಲಿಲ್ಲ, ಆದರೆ ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಫಲಿತಾಂಶ ತಿಳಿದ ಮರುದಿನ ಅವರು ಕಣಿವೆ ದಾಟಿ ಭಾವನ ಮನೆಗೆ ಹೋದರು. ಯಾನಾಗಿಸಾವಾ ಜಗಲಿಯಲ್ಲೇ ನಿಲ್ಲಿಸಿ, ಇನ್ನೊಂದು ಸಲ ಅಂಥ ದಿನ ಬಂದರೆ ಏನು ಮಾಡುತ್ತೀಯೆಂದು ಕೇಳಿದರಂತೆ. ಬಿಳಿ ಚೀಟಿಯನ್ನೇ ಹಾಕುತ್ತೇನೆ ಎಂದರು ಇವರು. ಯಾನಾಗಿಸಾವಾ, ಮಸಾನೊ ಇಲ್ಲಿಲ್ಲ, ರೇಡಿಯೋದಲ್ಲಿ ನಿನ್ನ ಸೋಲು ಕೇಳಿದವಳೇ ಗಂಟು ಕಟ್ಟಿಕೊಂಡು ಹೊರಟಳು, ಬಂಡಿ ಕಟ್ಟಿಸುತ್ತೇನೆಂದರೂ ನಿಲ್ಲಲಿಲ್ಲ ಎಂದರು. ಇವರು ಮೇಲಿನ ದಾರಿಯಲ್ಲಿ ಬರುವಾಗ ಆಕೆ ತೊರೆಯ ದಾರಿಯಲ್ಲಿ ಹೋಗಿದ್ದರು. ಮನೆಗೆ ಮರಳಿದಾಗ ಒಲೆ ಉರಿಯುತ್ತಿತ್ತು.

ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೊಟ್ಟೆ ಹಾಳೆ ಮಾರಾಟಕ್ಕೆ ಇಬ್ಬರೂ ಒಟ್ಟಿಗೆ ಟೋಕಿಯೋಗೆ ಬಂದಾಗ ನಮ್ಮಲ್ಲಿಯೇ ಇಳಿಯುತ್ತಿದ್ದರು. ಒಮ್ಮೆ ಮಸಾನೊ ಒಬ್ಬರೇ ಅಡಿಗೆಮನೆಗೆ ಬಂದು ನನ್ನ ಜೊತೆ ಅವರೆ ಬಿಡಿಸುತ್ತ ಕೂತಿದ್ದರು. ಆ ವರ್ಷ ಅಣ್ಣನ ಮನೆಯಲ್ಲಿ ಇದ್ದದ್ದಕ್ಕೆ ಗಂಡನ ಮೇಲೆ ಸಿಟ್ಟು ಬರಲಿಲ್ಲವೇ ಎಂದೆ.

"ಅದಕ್ಕಲ್ಲ," ಎಂದರು. "ಅವತ್ತು ಹೊರಡುವಾಗ ಒಂದು ಸಲ ತಿರುಗಿ ಕೂಡ ನೋಡಲಿಲ್ಲ ಅಕ್ಕ. ಅದಕ್ಕೆ ವರ್ಷವೆಲ್ಲ ಬೈಕೊಂಡೆ. ಮನೆಗೆ ಬಂದ ದಿನ ಮೊದಲು ಕೇಳಿದ್ದೂ ಅದನ್ನೇ."

"ಏನಂದ್ರು?"

"ತಿರುಗಿದ್ರೆ ಅಲ್ಲೇ ಕೂತುಬಿಡ್ತಿದ್ದೆ ಅಂದ್ರು," ಎಂದು ಹೇಳಿ, ಬಿಡಿಸಿದ ಕಾಳನ್ನು ನನ್ನ ಬುಟ್ಟಿಗೆ ಸುರಿದರು.