ಗೇಣು ಜಾಗ

ಹಾಸನದ ಕೋರ್ಟಿನಲ್ಲಿ ಧರಣೇಂದ್ರಯ್ಯನವರಿಗೆ ‘ಕೈಕಾಲು ವಕೀಲರು’ ಅಂತ ಅಡ್ಡಹೆಸರು. ಉಳಿದ ವಕೀಲರೆಲ್ಲ ಜಮೀನು, ಪಾಲು, ಒತ್ತುವರಿ ಅಂತ ಕೇಸು ನಡೆಸಿದರೆ, ಇವರ ಮನೆಯ ಜಗಲಿಯಲ್ಲಿ ಮಾತ್ರ ಬೆಳಗಾದರೆ ಕಾಲಿಗೆ ಪಟ್ಟಿ ಸುತ್ತಿಕೊಂಡವರು, ಕೈ ಜೋಳಿಗೆಗೆ ಹಾಕಿಕೊಂಡವರು, ಕಣ್ಣು ಕಳೆದುಕೊಂಡವರು ಕೂತಿರುತ್ತಿದ್ದರು. ಬಾರ್ ರೂಮಿನಲ್ಲಿ ಯಾರಾದರೂ, “ಏನ್ ಧರಣೇಂದ್ರಯ್ಯ, ಇವತ್ತು ಕೈಯೋ ಕಾಲೋ?” ಅಂದರೆ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ, “ಇವತ್ತು ಸೊಂಟ” ಅನ್ನುತ್ತಿದ್ದರು. ಆ ಹೆಸರಿಗೆ ಅವರು ನಾಚಿಕೊಂಡಿದ್ದನ್ನು ಕಂಡವರಿಲ್ಲ.

ಅವರು ಚನ್ನರಾಯಪಟ್ಟಣದ ಜೈನರ ಮನೆಯವರು. ಅಪ್ಪನದು ಬಟ್ಟೆ ಅಂಗಡಿ. ಮಗ ಲಾ ಓದಿ ಬಂದು ಹಾಸನದ ಗಂಗಾಧರಯ್ಯನವರ ಹತ್ತಿರ ಜೂನಿಯರ್ ಆಗಿ ಸೇರಿಕೊಂಡ. ಜಿಲ್ಲೆಯ ಬಸ್ಸು ಮಾಲೀಕರಿಗೆ, ಅಕ್ಕಿ ಗಿರಣಿಯವರಿಗೆಲ್ಲ ಗಂಗಾಧರಯ್ಯನವರೇ ವಕೀಲರು. ಗಿರಣಿಯಲ್ಲಿ ಯಾರ ಬೆರಳು ಹೋಗಲಿ, ಬಸ್ಸು ಯಾರ ಮೇಲೆ ಹರಿಯಲಿ, ಅವರು ಕೊಡುತ್ತಿದ್ದ ತಕರಾರಿನಲ್ಲಿ ಒಂದು ವಾಕ್ಯ ಮಾತ್ರ ಬದಲಾಗುತ್ತಿರಲಿಲ್ಲ: ‘ಈ ಅನಾಹುತಕ್ಕೆ ಅರ್ಜಿದಾರನ ಸ್ವಂತ ಅಜಾಗರೂಕತೆಯೇ ಕಾರಣ.’ ಅದನ್ನು ಬರೆದು ಬರೆದು ಧರಣೇಂದ್ರಯ್ಯನ ಕೈಗೆ ರೂಢಿಯಾಗಿ ಹೋಗಿತ್ತು.

ಹೊಳೆನರಸೀಪುರದ ಕಡೆಯ ಒಂದು ಗಿರಣಿಯಲ್ಲಿ ಬೈರಯ್ಯ ಎಂಬ ಆಳು ಬೆಲ್ಟಿಗೆ ಸಿಕ್ಕಿ ಕಾಲು ಕಳೆದುಕೊಂಡ. ಬೆಲ್ಟಿಗೆ ತಡೆ ಕಟ್ಟಿಸಿ ಅಂತ ಅವನೇ ಎರಡು ಸಲ ಕೇಳಿಕೊಂಡಿದ್ದನಂತೆ. ಮಾಲೀಕನೇ ಆಫೀಸಿಗೆ ಬಂದು ನಗುತ್ತಾ ಆ ಮಾತು ಹೇಳಿ ಹೋದ. ಅವತ್ತು ಆ ವಾಕ್ಯದ ಹತ್ತಿರ ಬಂದಾಗ ಧರಣೇಂದ್ರಯ್ಯನ ಪೆನ್ನು ನಿಂತಿತು.

“ಸಾರ್, ಇದನ್ನ ನಾನು ಬರೆಯೋದಿಲ್ಲ.”

ಗಂಗಾಧರಯ್ಯ ಕನ್ನಡಕ ಕೆಳಗಿಳಿಸಿ ನೋಡಿದರು. “ಬರೀದೆ ಏನು ಮಾಡ್ತೀಯಪ್ಪಾ?”

“ಬೇರೆ ಬೋರ್ಡು ಹಾಕ್ಕೋತೀನಿ.”

“ಹಾಕ್ಕೊ. ಕುಂಟರೂ ಕುರುಡರೂ ಬಂದು ನಿನ್ನ ಮನೆ ತುಂಬ್ತಾರೆ.”

ಹಾಗೇ ಆಯಿತು. ಗಂಗಾಧರಯ್ಯ ಹೇಳಿದ್ದು ಬೈಗುಳ. ಆದರೆ ಧರಣೇಂದ್ರಯ್ಯ ಅದನ್ನೇ ತಮ್ಮ ವೃತ್ತಿ ಮಾಡಿಕೊಂಡರು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಅವರ ಜಗಲಿಗೆ ಮಾಯಮ್ಮ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ಊರು ಅರಕಲಗೂಡಿನ ಪಕ್ಕದ ಒಂದು ಹಳ್ಳಿ. ಹಾಸನದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಗಾರೆ ಹೊರಲು ಬರುತ್ತಿದ್ದವಳಿಗೆ ಈಗ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಜೊತೆಯಲ್ಲಿ ಅಣ್ಣ ದೇವಯ್ಯ. ರೈಲ್ವೆ ಗ್ಯಾಂಗಿನಲ್ಲಿ ಊರೂರು ಸುತ್ತಿ ಬಂದ ಅವನು ಮನೆಯಲ್ಲಿ ಬುದ್ಧನ ಪಟ ಕಟ್ಟಿದ್ದ. ತಂಗಿ ಬಾಯಿ ತಪ್ಪಿ, ಊರ ಗೌಡರನ್ನು ಕರೆಯುವ ಹಾಗೆ “ಬುದ್ಧೀ” ಅಂದಾಗ ಅಲ್ಲೇ ತಡೆದ.

“ಬುದ್ಧಿ ಗಿದ್ಧಿ ಅನ್ಬ್ಯಾಡ ಕಣಮ್ಮಿ. ಸಾ ಅನ್ನು, ಸಾಕು.”

ನಡೆದದ್ದನ್ನು ದೇವಯ್ಯನೇ ಹೇಳಿದ. ಅರಕಲಗೂಡಿನಿಂದ ಹಾಸನಕ್ಕೆ ಬರುತ್ತಿದ್ದ ಕೃಷ್ಣಪ್ಪನ ಕಂಪನಿಯ ಬಸ್ಸು. ಕಟ್ಟಾಯ ದಾಟಿದ ಮೇಲೆ ಒಂದು ಕಿರಿದಾದ ಮೋರಿ. ಎದುರಿಗೆ ಲಾರಿ ಬಂದರೂ ಡ್ರೈವರ್ ನಿಲ್ಲಿಸಲಿಲ್ಲ. ಎರಡೂ ಗಾಡಿ ಒಂದಕ್ಕೊಂದು ಉಜ್ಜಿಕೊಂಡು ಹೋದವು. ಕಿಟಕಿಯ ಮೇಲೆ ತೋಳಿಟ್ಟುಕೊಂಡು ಕೂತಿದ್ದ ಮಾಯಮ್ಮನ ಕೈ ಅಲ್ಲೇ ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಕತ್ತರಿಸಿದರು.

ಗಂಗಾಧರಯ್ಯನವರ ತಕರಾರು ಏನಿರುತ್ತದೆ ಅನ್ನುವುದು ಧರಣೇಂದ್ರಯ್ಯನವರಿಗೆ ಕೇಳದೆಯೇ ಗೊತ್ತು. ಕೈಯನ್ನು ಹೊರಗೆ ಹಾಕಿದ್ದು ಅವಳೇ, ತಪ್ಪು ಅವಳದೇ. ಅದಕ್ಕೆ ಉತ್ತರವನ್ನು ಅವರು ಮೊದಲೇ ಕಟ್ಟಿಟ್ಟುಕೊಂಡರು. ಬಸ್ಸಿನಲ್ಲಿ ಲೆಕ್ಕಕ್ಕಿಂತ ಹೆಚ್ಚು ಜನ ತುಂಬಿದ್ದರು, ಸೀಟಿನಲ್ಲಿ ಕೈ ಇಡಲು ಜಾಗವಿರಲಿಲ್ಲ, ಆದ್ದರಿಂದ ತಪ್ಪು ಕಂಪನಿಯದು. ನಿಂತು ಪ್ರಯಾಣ ಮಾಡಿದವರನ್ನು ಹುಡುಕಿ ಸಾಕ್ಷಿಗೆ ಒಪ್ಪಿಸಿದರು. ಮಾಯಮ್ಮನಿಗೂ ಹೇಳಿಕೊಟ್ಟರು. “ಕೇಳಿದ್ರೆ ಸೀಟಲ್ಲಿ ಜಾಗ ಇರಲಿಲ್ಲ ಅನ್ನು. ಅಷ್ಟೇ ಸಾಕು.”

ಮಾಯಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಸೆರಗಿನಿಂದ ಮೊಂಡುಗೈ ಮುಚ್ಚಿಕೊಂಡು ಕೂತಿದ್ದಳು. ಹೆದರಿದ್ದಾಳೆ ಅಂದುಕೊಂಡರು ಧರಣೇಂದ್ರಯ್ಯ.

ವಿಚಾರಣೆಯ ದಿನ ಕೋರ್ಟು ತುಂಬಿತ್ತು. ಬಸ್ಸು ಮಾಲೀಕರ ಸಂಘದವರು ಸಾಲಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಧ್ಯದಲ್ಲಿ ಕೃಷ್ಣಪ್ಪ. ಮಾಯಮ್ಮ ಕಟಕಟೆಯೊಳಗೆ ನಿಂತು ಅಪಘಾತವಾದದ್ದನ್ನು ಹೇಳಿದಳು. ಆಮೇಲೆ ಗಂಗಾಧರಯ್ಯ ಪಾಟೀಸವಾಲಿಗೆ ಎದ್ದರು. ವಯಸ್ಸಾಗಿದ್ದರೂ ದನಿ ಗಡಸಾಗಿಯೇ ಇತ್ತು.

“ಮೂರು ಜನ ಕೂರೋ ಸೀಟು ತಾನೆ ಅದು?”

“ಊಂ ಸಾ.”

“ನೀನೂ ಇನ್ನೊಬ್ಬ ಹೆಂಗಸೂ, ಇಬ್ಬರೇ ಕೂತಿದ್ದದ್ದು?”

“ಊಂ ಸಾ.”

“ಹಾಗಾದರೆ ಸೀಟಿನಲ್ಲಿ ಜಾಗ ಇತ್ತು.”

ಮಾಯಮ್ಮ ಒಮ್ಮೆ ಧರಣೇಂದ್ರಯ್ಯನ ಕಡೆ ನೋಡಿದಳು. ಆಮೇಲೆ ಜಡ್ಜಿನ ಕಡೆ ತಿರುಗಿ, “ಇತ್ತು ಸಾ,” ಅಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗಂಗಾಧರಯ್ಯ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಿದ ಕೂಡಲೇ ಕೂತುಬಿಡಬೇಕು, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಜನ್ಮದಲ್ಲಿ ಕೇಳಬಾರದು ಅನ್ನುವುದು ಅವರೇ ಜೂನಿಯರ್‌ಗೆ ಕಲಿಸಿದ್ದ ಪಾಠ. ಶಾಲು ಸರಿಮಾಡಿಕೊಂಡು ಕೂತರು.

ಧರಣೇಂದ್ರಯ್ಯ ತಿಂಗಳುಗಟ್ಟಲೆ ಕಟ್ಟಿದ ಕೇಸು ಒಂದೇ ಮಾತಿಗೆ ಕುಸಿದಿತ್ತು. ಸುಮ್ಮನೆ ಕೂತರೆ ಸೋಲು. ಎದ್ದು ಕೇಳಿದರೆ ಆಕೆ ಏನು ಹೇಳುತ್ತಾಳೋ ತಿಳಿಯದು. ಆಕೆಯ ಮುಖ ನೋಡಿದರು. ಅಲ್ಲಿ ಹೆದರಿಕೆ ಇರಲಿಲ್ಲ. ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಮುಖ ಅದು. ಜಗಲಿಯಲ್ಲಿ ಕೂತಿದ್ದಾಗಲೂ ಹೀಗೇ ಕಾಯುತ್ತಿದ್ದಳು, ತಾವೇ ಕೇಳಲಿಲ್ಲ ಅನ್ನುವುದು ಅವರಿಗೆ ಆಗ ಹೊಳೆಯಿತು. ಎದ್ದರು.

“ಹೇಳಿ ಮಾಯಮ್ಮ. ಜಾಗ ಇದ್ದರೂ ಕೈ ಯಾಕೆ ಕಿಟಕಿ ಮೇಲೆ ಇಟ್ಟಿರಿ?”

ಅವರು ಬಹುವಚನದಲ್ಲಿ ಮಾತಾಡಿದ್ದು ಕೇಳಿ ಗಂಗಾಧರಯ್ಯ ತಲೆ ಎತ್ತಿದರು.

“ಜಾಗ ಇತ್ತು ಸಾ,” ಅಂದಳು ಮಾಯಮ್ಮ. “ಆ ಅಮ್ಮಾರಿಗೂ ನಂಗೂ ಮಧ್ಯ ಒಂದು ಗೇಣು ಜಾಗ ಇತ್ತು. ನಿಂತ್ಕಂಡವ್ರು ಬೇಕಾದಷ್ಟು ಜನ ಇದ್ರು, ಅದ್ರಲ್ಲಿ ಒಬ್ರೂ ಕೂರ್ನಿಲ್ಲ. ನನ್ ಮೈ ಅವ್ರಿಗೆ ತಗುಲ್ಬಾರ್ದು ಅಂತ ಬುಟ್ಟಿದ್ದ ಜಾಗ ಅದು. ಕಂಡಕ್ಟ್ರು ಬಂದು, ಕಿಟಕಿ ಕಡೀಕೆ ಒತ್ಕಳಮ್ಮಿ, ಇನ್ನೂ ಒತ್ಕಾ ಅಂದ. ಒತ್ಕಂಡೆ. ತೋಳು ಮಡೀಕಳಾಕೆ ಒಳೀಕೆ ಎಡೆ ಇರ್ನಿಲ್ಲ. ಕಿಟಕಿ ಮ್ಯಾಲೆ ಮಡಗ್ದೆ. ಆ ಗೇಣು ಜಾಗಕ್ಕೆ ನನ್ ಕೈ ಓಯ್ತು ಸಾ. ಗಾಳಿ ತಗಳಾಕೆ ಅಂತ ನಾನು ಆಕಿರ್ನಿಲ್ಲ.”

ಜಡ್ಜ್ ಸಾಹೇಬರು ಸಾಕ್ಷಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಟೈಪಿಸ್ಟಿಗೆ ಹೇಳುತ್ತಿದ್ದರು. ‘ಸೀಟಿನಲ್ಲಿ ಸ್ವಲ್ಪ ಜಾಗ ಬಿಡಲಾಗಿತ್ತು’ ಎಂದಿಷ್ಟೇ ಹೇಳಿ ನಿಲ್ಲಿಸಿದರು. ಗಂಗಾಧರಯ್ಯ ಎದ್ದು, ಇದು ಅರ್ಜಿಯಲ್ಲೇ ಇಲ್ಲದ ಮಾತು, ಊರೊಳಗಿನ ವಿಚಾರ, ಮೋಟಾರು ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಆಕ್ಷೇಪಿಸಿದರು. ಜಡ್ಜು ತಲೆಯಾಡಿಸಿ, “ಕೂತುಕೊಳ್ಳಿ ಧರಣೇಂದ್ರಯ್ಯನವರೇ,” ಅಂದರು.

ಧರಣೇಂದ್ರಯ್ಯ ಕೂರಲಿಲ್ಲ.

“ಅರ್ಜಿಯಲ್ಲಿ ಇಲ್ಲದಿರುವುದು ನನ್ನ ತಪ್ಪು. ಇವತ್ತೇ ತಿದ್ದುಪಡಿ ಹಾಕುತ್ತೇನೆ. ಆದರೆ ಆಕೆ ಸ್ವಲ್ಪ ಜಾಗ ಅನ್ನಲಿಲ್ಲ. ಯಾಕೆ ಬಿಟ್ಟ ಜಾಗ, ಯಾರು ಒತ್ತಿಕೊಳ್ಳಲು ಹೇಳಿದರು ಅನ್ನುವುದೂ ಸೇರಿ, ಆಕೆ ಹೇಳಿದ ಹಾಗೆ ಬರೆದುಕೊಳ್ಳಬೇಕು.”

“ಕೂತುಕೊಳ್ಳಿ ಅಂದೆ.”

“ಬರೆದುಕೊಂಡ ಮೇಲೆ ಕೂರುತ್ತೇನೆ. ಅದಕ್ಕೆ ಮೊದಲು ಕೂರಿಸಬೇಕಾದರೆ ನನ್ನನ್ನು ಈ ಕೋರ್ಟಿನಿಂದ ಹೊರಗೆ ಕಳಿಸಬೇಕಾಗುತ್ತದೆ.”

ಜಡ್ಜಿನ ಮುಖ ಕೆಂಪಾಯಿತು. ಕೆಳಗೆ ಕಡತ ಹಿಡಿದು ಕೂತಿದ್ದ ಪೇಷ್ಕಾರರು ಕಾಗದ ನೋಡುವವರಂತೆ ತಲೆ ತಗ್ಗಿಸಿದರು. ಕಟಕಟೆಯಲ್ಲಿ ಮಾಯಮ್ಮ ನಿಂತಿದ್ದಳು, ಇಲ್ಲಿ ಧರಣೇಂದ್ರಯ್ಯ ನಿಂತಿದ್ದರು. ಕೊನೆಗೆ ಜಡ್ಜು ನಿಟ್ಟುಸಿರು ಬಿಟ್ಟು ಟೈಪಿಸ್ಟಿನ ಕಡೆ ತಿರುಗಿದರು. ಈ ಸಲ ಪೂರ್ತಿ ಹೇಳಿದರು.

ಮಾರನೆಯ ದಿನ ಕಂಪನಿಯ ಪರವಾಗಿ ಕಂಡಕ್ಟರ್ ಪಾಲಾಕ್ಷ ಸಾಕ್ಷಿಗೆ ಬಂದ. ಅವನು ಅದನ್ನೆಲ್ಲ ಅಲ್ಲಗಳೆಯುತ್ತಾನೆ ಅಂತಲೇ ಧರಣೇಂದ್ರಯ್ಯ ಸಿದ್ಧವಾಗಿ ಬಂದಿದ್ದರು.

“ಮಾಯಮ್ಮನಿಗೆ ಕಿಟಕಿ ಕಡೆ ಒತ್ತಿಕೊಳ್ಳಲು ಹೇಳಿದ್ದು ನೀನೇನಾ?”

“ಊಂ ಸಾ, ನಾನೇ.” ಪಾಲಾಕ್ಷನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅದ್ರಾಗೇನಿದೆ ಸಾ? ಮಾಮೂಲು. ಆ ಕೇರಿಯೋರು ಬಸ್ ಅತ್ತಿದ್ರೆ ನಾವು ಅಂಗೇ ಕೂರ್ಸೋದು. ಇಲ್ದಿದ್ರೆ ಪಕ್ಕದೋರು ಜಗಳ ತೆಗೀತಾರೆ, ಓನರ್ ನಮ್ಮನ್ನೇ ಬೈತಾರೆ.”

“ಓನರ್ ಹಾಗೆ ಹೇಳಿದ್ದಾರಾ?”

“ಊಂ ಮತ್ತೆ.”

ಕೃಷ್ಣಪ್ಪ ಹಿಂದಿನ ಬೆಂಚಿನಿಂದ ಕೆಮ್ಮಿದ. ಗಂಗಾಧರಯ್ಯ ಕಣ್ಣು ಮುಚ್ಚಿಕೊಂಡರು.

ಸಾಯಂಕಾಲ ಮೆಟ್ಟಿಲಿಳಿಯುವಾಗ ಗುರುಗಳು ಶಿಷ್ಯನ ಪಕ್ಕಕ್ಕೆ ಬಂದರು. “ನಿನ್ನೆ ಆ ಪ್ರಶ್ನೆ ಕೇಳಿದಾಗ ನಿನಗೆ ಉತ್ತರ ಗೊತ್ತಿರಲಿಲ್ಲ ಅಲ್ವೇನಯ್ಯಾ?”

“ಇರಲಿಲ್ಲ ಸಾರ್. ಆಕೆಗೆ ಗೊತ್ತಿತ್ತು.”

ತೀರ್ಪು ಬಂತು. ಡ್ರೈವರ್‌ನದು ತಪ್ಪು ಹೌದು, ಆದರೆ ಹೊರಗೆ ಕೈ ಇಟ್ಟ ಅರ್ಜಿದಾರಳದೂ ಅಷ್ಟೇ ತಪ್ಪು, ಆದ್ದರಿಂದ ಅರ್ಧ ಪರಿಹಾರ. ಗೇಣು ಜಾಗದ ಮಾತು ಸಾಕ್ಷಿಯ ಹೇಳಿಕೆಯಲ್ಲಿ ಇತ್ತು, ತೀರ್ಪಿನಲ್ಲಿ ಇರಲಿಲ್ಲ.

ಎರಡು ದಿನ ಕಳೆದ ಮೇಲೆ ಕೃಷ್ಣಪ್ಪ ತಾನೇ ಧರಣೇಂದ್ರಯ್ಯನ ಮನೆಗೆ ಬಂದ. ಮಾಯಮ್ಮನೂ ದೇವಯ್ಯನೂ ಆಗಲೇ ಜಗಲಿಯಲ್ಲಿದ್ದರು. ಕೃಷ್ಣಪ್ಪ ಅವರನ್ನು ನೋಡದವನಂತೆ ಕುರ್ಚಿ ಎಳೆದುಕೊಂಡ.

“ಲಾಯರೇ, ಅರ್ಧ ಕೊಡು ಅಂದವ್ರೆ, ಕೊಟ್ಬುಡ್ತೀನಿ. ಅಪೀಲು ಗಿಪೀಲು ಬ್ಯಾಡ. ಗಂಗಾಧರಯ್ಯನೋರಿಗೂ ವಯಸ್ಸಾಯ್ತು. ನಮ್ಮ ಸಂಘದ ಕೇಸೆಲ್ಲ ಇನ್ನು ನಿಮ್ಮ ಕೈಗೇ ಬರೋ ಅಂಗೆ ಮಾಡ್ತೀನಿ.”

“ಅಪೀಲು ನಂದಲ್ಲ, ಅವರದು. ಅವರನ್ನೇ ಕೇಳಿ.”

ಕೃಷ್ಣಪ್ಪ ದೇವಯ್ಯನ ಕಡೆ ತಿರುಗಿದ. “ಏನ್ಲಾ, ಏನಂತೀಯ?”

ದೇವಯ್ಯ ಬಾಯಿ ತೆರೆಯುವ ಮೊದಲೇ ಮಾಯಮ್ಮ ಎದ್ದು ನಿಂತಳು. ಸೆರಗು ಸರಿದು ಮೊಂಡುಗೈ ಕಾಣುತ್ತಿತ್ತು. ಮುಚ್ಚಿಕೊಳ್ಳಲಿಲ್ಲ.

“ಅರ್ಧ ತಪ್ಪು ನಂದು ಅಂತ ಬರೆದವ್ರಲ್ಲ, ಯಾವ ಅರ್ಧ? ಬಸ್ ಅತ್ತಿದ್ದಾ? ಟಿಕೀಟ್ ತಗಂಡಿದ್ದಾ? ಒತ್ಕಾ ಅಂದಾಗ ಒತ್ಕಂಡಿದ್ದಾ? ನೀವೇ ಏಳಿ.”

ಕೃಷ್ಣಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಬೆಂಗ್ಳೂರಿಗೆ ಆಕಿ ಸಾ,” ಅಂದಳು ಮಾಯಮ್ಮ. “ಸೋತ್ರೆ ಸೋತೆ.”

ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಆ ಜಿಲ್ಲೆಯ ಖಾಸಗಿ ಬಸ್ಸುಗಳು ಧರಣೇಂದ್ರಯ್ಯ ಕೈ ಅಡ್ಡ ಹಿಡಿದರೆ ನಿಲ್ಲದೆ ಹೋಗತೊಡಗಿದವು. ಅವರು ಹೊಳೆನರಸೀಪುರಕ್ಕೆ ರೈಲಿನಲ್ಲಿ ಹೋದರು, ಅರಕಲಗೂಡಿನ ಕೋರ್ಟಿಗೆ ಗೊರೂರಿನ ಏರು ಇಳಿತದಲ್ಲಿ ಸೈಕಲ್ ತುಳಿದರು. ಮೈಯೆಲ್ಲ ಧೂಳಾಗಿ ಬಂದ ಗಂಡನನ್ನು ನೋಡಿ ಪದ್ಮಾವತಮ್ಮ, “ಅವರ ಬಸ್ಸಿಗೆ ನಾನೂ ಹತ್ತೋಲ್ಲ ಬಿಡಿ,” ಅಂದು ಸೂರ್ಯ ಮುಳುಗುವ ಮೊದಲು ಊಟ ಮುಗಿಸಲು ಎಲೆ ಹಾಕುತ್ತಿದ್ದರು. ತವರಿನ ಮದುವೆಗೂ ಎತ್ತಿನ ಗಾಡಿಯಲ್ಲೇ ಹೋಗಿ ಬಂದರು. ಜಗಲಿಯ ಜನ ಮಾತ್ರ ಕಡಿಮೆಯಾಗಲಿಲ್ಲ.

ಅಪೀಲಿಗೆ ಕೆಲವು ವರ್ಷ ಹಿಡಿಯಿತು. ಧರಣೇಂದ್ರಯ್ಯ ಬೆಂಗಳೂರಿಗೆ ಹೋಗಿ ತಾವೇ ವಾದಿಸಿದರು. ಪಾಲಾಕ್ಷನ ಹೇಳಿಕೆಯನ್ನು ಅಕ್ಷರ ಬಿಡದೆ ಓದಿದರು. ಕೊನೆಗೆ ಅರವತ್ತಾರರಲ್ಲಿ ತೀರ್ಪು ಬಂತು. ಪೂರ್ತಿ ತಪ್ಪು ಕಂಪನಿಯದು, ಪೂರ್ತಿ ಪರಿಹಾರ ಕೊಡಬೇಕು. ಅದರಲ್ಲಿ ಈ ಮಾತೂ ಇತ್ತು: ‘ಅರ್ಜಿದಾರಳು ತಾನಾಗಿ ಕೈಯನ್ನು ಹೊರಗೆ ಇಡಲಿಲ್ಲ. ಆಕೆಯ ಸ್ಪರ್ಶವನ್ನು ತಪ್ಪಿಸಲೆಂದು ಕಂಪನಿಯ ನೌಕರನೇ ಆಕೆಯನ್ನು ಕಿಟಕಿಗೆ ಒತ್ತರಿಸಿದನು.’

ಧರಣೇಂದ್ರಯ್ಯ ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಯಮ್ಮ ಅಳಲಿಲ್ಲ, ನಗಲೂ ಇಲ್ಲ.

“ಕೈ ಏನ್ ಬರಾಕಿಲ್ಲ,” ಅಂದಳು. “ಅದ್ನ ಕನ್ನಡದಾಗೆ ಬರ್ಕೊಡಿ ಸಾ. ದೊಡ್ಡದಾಗಿ.”

“ಯಾಕೆ ಮಾಯಮ್ಮ?”

“ಬಸ್ ನಿಲ್ಲೋ ಅಳ್ಳೀಕಟ್ಟೆ ತಾವ ಓದಿಸ್ತೀನಿ.”

ಆ ಅರಳಿಕಟ್ಟೆಯ ಮೇಲೆ ಅವಳ ಕೇರಿಯವರು ಕೂರುವ ಪದ್ಧತಿ ಇರಲಿಲ್ಲ. ಧರಣೇಂದ್ರಯ್ಯನವರಿಗೆ ಅದು ಗೊತ್ತಿತ್ತು. ಅವರು ಬೇಡ ಅನ್ನಲಿಲ್ಲ. ಹೊಸ ಹಾಳೆ ತೆಗೆದು ದುಂಡಗೆ ಬರೆದು ಕೊಟ್ಟರು.

ಮುಂದಿನದನ್ನು ದೇವಯ್ಯ ಬಂದು ಹೇಳಿದ. ಬೆಳಗಿನ ಬಸ್ಸಿಗೆ ಜನ ಕಾಯುತ್ತಿದ್ದ ಹೊತ್ತು. ಮಾಯಮ್ಮ ಹೋಗಿ ಕಟ್ಟೆಯ ನಟ್ಟನಡುವೆ ಕೂತಳು. ಸ್ಕೂಲಿನ ಮೇಷ್ಟ್ರು ಮೊದಲು ಹಿಂದೆಮುಂದೆ ನೋಡಿದರು, ಆಮೇಲೆ ಹಾಳೆ ಇಸಕೊಂಡು ಗಟ್ಟಿಯಾಗಿ ಓದಿದರು. ಅರ್ಧಕ್ಕೇ ಕೆಲವರು ಎದ್ದು ಹೋದರು. ಒಬ್ಬ ಬೈದ. ಬಸ್ಸು ಬಂದು ಹಾರನ್ ಹೊಡೆಯಿತು, ಜನ ಹತ್ತಿದರು, ಬಸ್ಸು ಹೊರಟಿತು.

ಮಾಯಮ್ಮ ಏಳಲಿಲ್ಲ. ಇನ್ನೊಂದು ಸಲ ಓದಿ ಮೇಷ್ಟ್ರೇ ಅಂದಳಂತೆ.